ತಿಂಡಿ ವಿಚಾರಿಸುವ ಪೋನಿ

ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ಕುದುರೆ ಹಾರಿಸುವ ಸ್ಪರ್ಧೆ. ಸವಾರಿ ನನ್ನ ಕಸುಬು. ಪೋನಿ ಮಾತ್ರ ಆ ತೋಟದ್ದೇ, ನನಗೆ ಹೊಸದು. ಮೈ ಬಿಸಿಯಾಗಲಿ ಅಂತ ಬೆಳಿಗ್ಗೆ ಅದನ್ನು ಕಾಫಿ ಗಿಡಗಳ ನಡುವೆ ನಡೆಸಿದೆ. ಮಂಜಿನಲ್ಲಿ ಅದರ ಕಿವಿಗಳಷ್ಟೇ ಕಾಣುತ್ತಿದ್ದವು. ನೆಲವೇ ಇಲ್ಲದೆ ತೇಲಿದ ಹಾಗಿತ್ತು.

ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಗದರಿದರೂ ಮುದ್ದಿಸಿದರೂ ಕದಲಲಿಲ್ಲ. ಪಕ್ಕದಲ್ಲೇ ಹಣ್ಣು ಕುಯ್ಯುತ್ತಿದ್ದ ಹೆಂಗಸೊಬ್ಬರು ನಕ್ಕರು.

"ತಿಂಡಿ ಆಯ್ತಾ ಅಂತ ಕೇಳಿ ಮಾರಾಯ್ರೆ. ತೀರಿಹೋದ ನಮ್ಮ ಸಾಹುಕಾರ್ರು ಇದರ ಮೇಲೆ ಬಂದು ಎಲ್ಲರನ್ನೂ ಕೇಳೋರು. ನಾವು ಆಯ್ತು ಅಂದಮೇಲೇ ಇದು ಮುಂದೆ ಹೋಗೋದು."

ಕೇಳಿದೆ. "ಆಯ್ತು" ಅಂದರು. ಪೋನಿ ಹೊರಟಿತು. ಆಮೇಲೆ ಕಾಣದ ಮುಖಗಳನ್ನೆಲ್ಲ ವಿಚಾರಿಸುತ್ತ, ಮಂಜಿನೊಳಗಿಂದ ಬರುವ ಒಂದೊಂದೇ "ಆಯ್ತು" ಕೇಳಿಸಿಕೊಳ್ಳುತ್ತ, ನಾನು ಸ್ಪರ್ಧೆಯನ್ನೇ ಮರೆತೆ.

ಮೈದಾನಕ್ಕಿಳಿದಾಗ ಅದು ಮೊದಲ ಅಡ್ಡಗಂಬವನ್ನು ಬಿಟ್ಟು ನೇರ ತೀರ್ಪುಗಾರರ ಮೇಜಿನ ಮುಂದೆ ಹೋಗಿ ನಿಂತಿತು. ನನಗೆ ಬೇರೆ ದಾರಿಯಿರಲಿಲ್ಲ.

"ತಿಂಡಿ ಆಯ್ತಾ ಸರ್?"

ಅವರು ಗಡಿಯಾರ ನೋಡಿ ನಿಟ್ಟುಸಿರುಬಿಟ್ಟರು. "ಎಲ್ಲಿ ಮಾರಾಯ, ಇನ್ನೂ ಇಲ್ಲ."

ಅವರು ಒಂದು ಸುಳ್ಳು ಹೇಳಿದ್ದರೆ ನಾವು ಗೆದ್ದೇಬಿಡುತ್ತಿದ್ದೆವೇನೋ. ಆದರೆ ಪಾಪ, ತೀರ್ಪುಗಾರರಲ್ಲವೇ.