ಚೀಲದ ಮೇಲಿನ ಗಿಳಿ

ಶಿಡ್ಲಘಟ್ಟದ ಹೊರವಲಯದ ಒಂದು ಅಂಗಳದಲ್ಲಿ, ಹೊಂಗೆ ಮರದ ಕೊಂಬೆಗೆ, ತೆಂಗಿನ ನಾರು ತುಂಬಿದ ಹಳೆಯ ಅಕ್ಕಿ ಚೀಲವೊಂದು ತೂಗುತ್ತದೆ. ಅದರ ಎರಡು ಮಗ್ಗುಲಿಗೂ ಹಸಿರು ಗಿಳಿಯ ಚಿತ್ರವಿತ್ತು. ಒಂದು ಗಿಳಿ ಎಂದೋ ಸವೆದುಹೋಯಿತು. ಇನ್ನೊಂದು ಪೂರ್ತಿ ಅಳಿಸಿಲ್ಲ. ಬೆಳಗ್ಗೆ ಹೋದೊಡನೆ ನಾನು ಮೊದಲು ನೋಡುವುದು ಆ ಉಳಿದ ಗಿಳಿಯನ್ನು. ಯಾಕೆಂದು ಹೇಳಿದರೆ ನೀವು ನಗಬಹುದು. ನಗಿ, ನನ್ನ ಪುಕ್ಕಲುತನಕ್ಕೆ ನಕ್ಕವರಲ್ಲಿ ನೀವೇನೂ ಮೊದಲಿಗರಲ್ಲ.

ಬೀದಿಯಲ್ಲಿ ಜಗಳ ಕಂಡರೆ ಸುತ್ತುಬಳಸಿ ಮನೆ ಸೇರುವ ನಾನು, ಹೆಣ್ಣುಮಕ್ಕಳಿಗೆ ರಗ್ಬಿ ಕಲಿಸುವ ಮೇಡಂ. ಅದರಲ್ಲೂ ನನ್ನನ್ನು ಹೆಚ್ಚು ಹೆದರಿಸುವುದು ಮೈದಾನದ ಅತ್ಯಂತ ಇಕ್ಕಟ್ಟಿನ ಜಾಗ. ಚೆಂಡು ಹಿಡಿದವಳು ನೆಲಕ್ಕೆ ಬಿದ್ದ ಮೇಲೆ ಎರಡೂ ತಂಡದವರು ಅವಳ ಮೇಲೆ ಬಾಗಿ ಗುಂಪುಗೂಡುತ್ತಾರೆ. ಆ ಗುಂಪಿನ ಪಕ್ಕದಲ್ಲಿ ಕಾವಲು ನಿಂತವಳ ಮೇಲೆ, ಚೆಂಡೆತ್ತಿಕೊಂಡ ಎದುರಾಳಿ ಒಂದು ಮಾರು ದೂರದಿಂದ ನುಗ್ಗಿಬಿಡುತ್ತಾಳೆ. ಯೋಚಿಸಲು ವೇಳೆಯಿಲ್ಲ. ಅವಳನ್ನು ತಡೆದು ಕೆಡವಲು, ಎಡಕ್ಕೆ ಬಂದರೆ ಎಡಭುಜ, ಬಲಕ್ಕೆ ಬಂದರೆ ಬಲಭುಜ ಕೊಟ್ಟು, ತಲೆಯನ್ನು ಓಡುವವಳ ಬೆನ್ನಿನ ಕಡೆಗಿಡಬೇಕು. ಭುಜ ತಪ್ಪಿದರೆ ತಲೆ ಅವಳ ಮುಂದೆ ಹೋಗುತ್ತದೆ, ಆಮೇಲೆ ಕತ್ತು... ಆ ವಾಕ್ಯವನ್ನು ನಾನು ಮನಸ್ಸಿನಲ್ಲೂ ಮುಗಿಸುವುದಿಲ್ಲ.

ಅಂಗಳ ನಮ್ಮ ಆಟಗಾರ್ತಿ ಪವಿತ್ರಳ ಮನೆಯದು. ಮರದ ಬಲಕ್ಕೇ ರೇಷ್ಮೆ ಹುಳುಮನೆಯ ಬಾಗಿಲು. ಅದರ ಮುಂದೆ ಅವಳ ತಾಯಿ ಲಕ್ಷ್ಮಮ್ಮ ಎಳೆದ ಸುಣ್ಣದ ಪುಡಿಯ ಗೆರೆ. ಪೊರೆ ಬಿಡಲು ಕೂತ ಹುಳುವಿಗೆ ಹೊರಗಿನ ಕಾಲಿನ ಧೂಳೂ ರೋಗ ತಂದೀತೆಂದು, ಗೆರೆ ಯಾರೂ ದಾಟಬಾರದೆಂಬ ಷರತ್ತಿನ ಮೇಲೆ ಅವರು ನಮ್ಮ ಅಭ್ಯಾಸಕ್ಕೆ ಜಾಗ ಕೊಟ್ಟಿದ್ದರು. "ಹುಳ ನಾನು ನೋಡ್ಕೊಂತೀನಿ, ಮಗಳನ್ನ ನೀವು ನೋಡ್ಕೊಳಿ ಮೇಡಂ" ಎಂದಿದ್ದರು. ಮಕ್ಕಳೆಲ್ಲ ಹುಳು ಸಾಕುವ ಮನೆಯವರೇ. ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ತಿಂಗಳುಗಟ್ಟಲೆ ಎಲ್ಲರೂ ಗೆರೆ ತುಳಿಯದಂತೆ ಚೀಲದ ಎಡಗಡೆಯಿಂದಲೇ ಬಂದು ಬಲಭುಜದಿಂದಲೇ ಗುದ್ದಿದರು. ನಾನು ಅಂಗಳದ ಕಲ್ಲಿಗೆ ಹೆದರಿದೆ, ಹಗ್ಗ ಹರಿದೀತೆಂದು ಹೆದರಿದೆ, ಹಾವಿಗೂ ಹೆದರಿದೆ. ಇದೊಂದು ನನ್ನ ಕಣ್ಣಿಗೆ ಬೀಳಲಿಲ್ಲ.

ಚಿಕ್ಕಬಳ್ಳಾಪುರದ ಪಂದ್ಯದಲ್ಲಿ ಎದುರಾಳಿ ಪವಿತ್ರಳ ಎಡಕ್ಕೆ ನುಗ್ಗಿದಳು. ಪವಿತ್ರ ಬಲಭುಜ ಕೊಟ್ಟಳು. ಬಿದ್ದವಳು ಏಳಲಿಲ್ಲ.

ಎತ್ತಲು ಬಂದವರನ್ನೆಲ್ಲ ತಡೆದು, ಅವಳ ತಲೆಯನ್ನು ಎರಡು ಕೈಯಲ್ಲೂ ಅಲುಗದಂತೆ ಹಿಡಿದು ಕೂತೆ. ಅಷ್ಟು ಭಯವನ್ನು ನಾನು ಬದುಕಿನಲ್ಲೇ ಕಂಡಿರಲಿಲ್ಲ. ಪಾದ ಅಲ್ಲಾಡಿಸಮ್ಮ ಎಂದೆ. ಎಷ್ಟೋ ಹೊತ್ತಾಯಿತೆಂದು ನನಗನ್ನಿಸಿದ ಮೇಲೆ ಅದು ಅಲ್ಲಾಡಿತು.

ಕತ್ತಿಗೇನೂ ಆಗಿಲ್ಲ, ಕೆಲವು ವಾರ ಆಟ ಬೇಡ ಎಂದರು ಡಾಕ್ಟರು. ಎಡಭುಜ ಯಾಕೆ ಕೊಡಲಿಲ್ಲವೆಂದು ಪವಿತ್ರಳನ್ನು ಮೆಲ್ಲಗೆ ಕೇಳಿದೆ.

"ಆ ಭುಜ ಕೊಟ್ಟು ಅಭ್ಯಾಸಾನೇ ಇಲ್ವಲ್ಲ ಮೇಡಂ" ಎಂದಳು. "ಚೀಲದ ಆ ಕಡೆ ಸುಣ್ಣ ಇತ್ತಲ್ಲ."

ಮರುದಿನ ಬಂದು ಚೀಲ ನೋಡಿದೆ. ಎಡ ಮಗ್ಗುಲು ಬಣ್ಣಗೆಟ್ಟ ನೂಲು. ಬಲ ಮಗ್ಗುಲಲ್ಲಿ ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುವ ಗಿಳಿ. ಭಯವೂ ಒಂದು ಕಾವಲೆಂದು ನಾನು ನಂಬಿದ್ದೆ. ಅದು ತನಗೆ ಕಂಡ ಕಡೆಯನ್ನಷ್ಟೇ ಕಾಯುತ್ತದೆಂದು ಆಗ ತಿಳಿಯಿತು. ತಪ್ಪು ನನ್ನದೆಂದು ಲಕ್ಷ್ಮಮ್ಮನಿಗೆ ಹೇಳಿದೆ. ಅವರು ಹಗ್ಗ ಬಿಚ್ಚಿ, ಅಂಗಳದ ನಡುವಿಗೆ ಚಾಚಿದ ಕೊಂಬೆಗೆ ತಾವೇ ಚೀಲವನ್ನು ಬಿಗಿದು ಕಟ್ಟಿ, ಸೊಪ್ಪು ಹಾಕಲು ಒಳಗೆ ಹೋದರು.

ಪವಿತ್ರ ಮತ್ತೆ ಬರುತ್ತಿದ್ದಾಳೆ. ನನ್ನ ಹೆದರಿಕೆ ಹೋಗಿಲ್ಲ, ಹೋಗುವುದೂ ಬೇಡ. ಇಂದು ಬೆಳಗ್ಗೆ ನೋಡಿದಾಗ ಗಿಳಿಯ ರೆಕ್ಕೆ, ಕೊಕ್ಕು ಎಲ್ಲ ಅಳಿಸಿ, ಕಣ್ಣೊಂದು ಉಳಿದಿತ್ತು. ಪವಿತ್ರಳನ್ನು ಕರೆದು, ಎಡಭುಜದಿಂದ ಇನ್ನೂ ಹತ್ತು ಸಲ ಎಂದೆ.