ಕರಿ ಕಾಯಿಯ ಎರಡನೆಯ ನಡೆ

೧೯೬೨ನೆಯ ಇಸವಿ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹಾಸನದ ಹುಡುಗಿಯರ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆ ವರ್ಷ ಊರಿನಲ್ಲಿ ಚದುರಂಗದ ಸ್ಪರ್ಧೆ ನಡೆಯಿತು. ಗೆದ್ದ ಒಬ್ಬರಿಗೆ ಮಾತ್ರ ಮೈಸೂರಿನ ಪಂದ್ಯಕ್ಕೆ ಹೋಗುವ ಅವಕಾಶ. ಹೆಂಗಸೆಂದರೆ ನಾನೊಬ್ಬಳೇ, ಹೇಗೋ ಕೊನೆಯ ಸುತ್ತಿಗೆ ಬಂದಿದ್ದೆ.

ಎದುರಾಳಿ ಸಾಲಗಾಮೆ ಕಡೆಯ ರೈತರು, ನಂಜಪ್ಪ, ಐವತ್ತು ದಾಟಿದವರು. ಮೂರು ಆಟಗಳಲ್ಲಿ ಎರಡು ಗೆಲ್ಲಬೇಕು.

ಮೊದಲ ಆಟದಲ್ಲಿ ನನಗೆ ಕರಿ ಕಾಯಿ. ಅವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಹಾಸ್ಟೆಲಿನಲ್ಲಿ ಪುಸ್ತಕ ನೋಡಿ ಕಲಿತಿದ್ದ, ಕರಿ ಕಾಯಿಯವರು ಆಟ ಶುರುಮಾಡುವ ಫ್ರೆಂಚ್ ಡಿಫೆನ್ಸ್ ಎಂಬ ಕ್ರಮ ಆಡಿದೆ. ಅದರಲ್ಲಿ ನಮ್ಮ ರಾಜನ ಕಾಲಾಳು ಒಂದೇ ಮನೆ ಹೋಗುತ್ತದೆ. ಆಮೇಲೆ ಮಂತ್ರಿಯ ಕಾಲಾಳು ಎರಡು ಮನೆ. ಆದರೆ ಹೊಳೆನರಸೀಪುರದಲ್ಲಿ ತಂದೆಯವರು ನನಗೆ ಕಲಿಸಿದ್ದು ಹಳೆಯ ಮನೆ ಆಟ. ಅದರಲ್ಲಿ ಯಾವ ಕಾಲಾಳೂ ಒಂದು ಮನೆಗಿಂತ ಹೆಚ್ಚು ನಡೆಯುವುದಿಲ್ಲ. ಗಾಬರಿಯಲ್ಲಿ ಅಭ್ಯಾಸಬಲದಿಂದ ಎರಡನೆಯದನ್ನೂ ಒಂದೇ ಮನೆ ಇಟ್ಟು ಕೈಬಿಟ್ಟೆ. ನನ್ನ ಕಾಯಿಗಳೆಲ್ಲ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡವು. ಸೋತೆ.

ಎರಡನೆಯ ಆಟ ಬಿಳಿ ಕಾಯಿಯಲ್ಲಿ ಗೆದ್ದೆ. ಮೂರನೆಯದಕ್ಕೆ ನಾಣ್ಯ ಚಿಮ್ಮಿದಾಗ ಮತ್ತೆ ಕರಿಯೇ ಬಂತು.

ಕಾಫಿಗೆ ಬಿಟ್ಟಾಗ ನಾನು ಏಳಲಿಲ್ಲ. ಅವರೂ ಕೂತೇ ಇದ್ದರು.

"ಅದು ಮನೆ ಆಟದ ಕೈ ಅಲ್ವಾ ಟೀಚರಮ್ಮೋರೆ? ನಂದೂ ಅಂಗೇ ಇತ್ತು. ಬುಡ್ಸಕ್ಕೆ ಎಲ್ಡ್ ವರ್ಸ ಬೇಕಾಯ್ತು," ಎಂದರು. "ಮೊದ್ಲು ಒಂದೇ ಮನೆ ಯಾಕೆ ಇಡ್ತೀರ, ಗೊತ್ತಾ?"

"ಪುಸ್ತಕದಲ್ಲಿ ಹಾಗಿದೆ."

"ಪುಸ್ತಕ ಬಂದು ಆಡ್ತದಾ?" ಎಂದು ನಕ್ಕು, ಕಾಯಿಗಳನ್ನು ಜೋಡಿಸಿದರು. "ಇದು ಒತ್ತಾಸೆಗೆ. ಪಕ್ಕದ್ದು ಎಲ್ಡ್ ಮನೆ ಓಗಿ ನನ್ನಾಳಿನ ಮ್ಯಾಲೆ ಬೀಳ್ತದೆ. ಅದ್ನ ನಾನು ತಗುದ್ರೆ ಇದು ತಿರ್ಗಾ ತಗೀತದೆ. ತಗೀದೆ ಮುಂದಕ್ಕೆ ತಳ್ಳುದ್ರೆ, ತಳ್ಳಿದ್ದರ ತಂಟೆಗೆ ಓಗ್ಬ್ಯಾಡಿ. ಅದಕ್ಕೆ ಆಸ್ರೆಯಾಗಿ ನನ್ನ ಇನ್ನೊಂದ್ ಆಳು ಇಂದೆ ನಿಂತಿರ್ತೈತಲ್ಲ, ಆ ಬುಡಕ್ಕೆ ಕೈ ಆಕಿ."

ಅವರ ಜೊತೆ ಬಂದಿದ್ದ ಸ್ನೇಹಿತರು ರೇಗಿದರು. "ಲೇ ನಂಜಪ್ಪ, ಎದ್ರಾಳಿಗೇ ಏಳ್ಕೊಡ್ತಾ ಕುಂತಿದ್ದೀಯಲ್ಲ. ಮೈಸೂರ್ಗೆ ಓಗಾದು ಬ್ಯಾಡ್ವೇನ್ಲಾ?"

"ಬೇಕು ಕಣ್ಲಾ. ಎಣ್ಮಗಳು ಕೈತಪ್ಪಿ ಇಟ್ಟಿದ್ದಕ್ಕೆ ಗೆದ್ದೆ ಅಂತ ಅಲ್ಲಿ ಏಳ್ಕಳನಾ?"

ಮೂರನೆಯ ಆಟವನ್ನು ಅವರು ಬೇರೆ ರೀತಿಯಲ್ಲಿ ಶುರುಮಾಡಬಹುದಿತ್ತು. ಅದೇ ಕಾಲಾಳನ್ನೇ ಎತ್ತಿದರು. ಈ ಸಲ ನಾನು ಮಂತ್ರಿಯ ಕಾಲಾಳನ್ನು ಎರಡು ಮನೆ ನಡೆಸಿದೆ. ಅವರು ಮುಂದಕ್ಕೆ ತಳ್ಳಿದರು. ನಾನು ಬುಡಕ್ಕೆ ಕೈ ಹಾಕಿದೆ. ಎರಡು ಗಂಟೆ ಆಡಿದ ಮೇಲೆ ಅವರು ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿ, "ಸರ್ಯಾಗಿ ಕಲ್ತ್ಬುಟ್ರಿ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು.

ಮೈಸೂರಿನಲ್ಲಿ ನಾನು ಮೊದಲ ಸುತ್ತಿನಲ್ಲೇ ಸೋತೆ. ಅದು ಅಷ್ಟು ನೋಯಿಸಲಿಲ್ಲ. ಆದರೆ ಹಾಸನದಲ್ಲಿ ಎಲ್ಲರೂ ಸುತ್ತ ನಿಂತು ಹೊಗಳುತ್ತಿದ್ದಾಗ, ನಂಜಪ್ಪನವರು ಹೇಳಿಕೊಟ್ಟಿದ್ದರಿಂದ ಗೆದ್ದೆ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ನನ್ನದು ಸಂಕೋಚದ ಸ್ವಭಾವ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಗೆಲುವು ಪೂರ್ತಿ ನನ್ನದೇ ಎನಿಸಿಕೊಳ್ಳುವ ಆಸೆಯೂ ಇತ್ತು.