ನನ್ನ ಹೆಸರಿನಲ್ಲಿ ಹೋದ ಕಾಗದ

ಮೊನ್ನೆ ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಫೋನು ಟಿಣ್ ಎಂದಿತು. ನೋಡಿದರೆ ಹಳೆಯ ಸ್ನೇಹಿತ ಗಂಗಣ್ಣನ ನಂಬರಿನಿಂದ ಮದುವೆಯ ಕರೆಯೋಲೆ ಎಂಬ ಒಂದು ಫೈಲು. ಇಂಥದ್ದು ನಿಮಗೂ ಬಂದಿರಬಹುದು. ಗಂಗಣ್ಣನ ಮನೆಯಲ್ಲಿ ಸದ್ಯಕ್ಕೆ ಮದುವೆಯ ವಯಸ್ಸಿಗೆ ಬಂದವರು ಯಾರೂ ಇಲ್ಲ. ಇದ್ದಿದ್ದರೂ ಅವನು ಫೋನಿನಲ್ಲಿ ಕರೆಯುವವರ ಪೈಕಿಯಲ್ಲ. ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬ್ಯಾಡರಹಳ್ಳಿಯಿಂದ ಬಂದು, ಅಕ್ಷತೆ ಕೊಟ್ಟು ಕರೆಯುವವನು. ನನ್ನ ಬೆರಳು ಆ ಫೈಲಿನ ಮೇಲೆಯೇ ನಿಂತಿತು, ಒತ್ತಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಇದೇ ಬೆರಳು ಒತ್ತಿತ್ತು.

ಆಗ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಕಬ್ಬಿಣ ಕಡೆಯುವ ನನ್ನದೊಂದು ಲೇತ್ ಶೆಡ್ಡಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕಬ್ಬಿಣದ ಜೊತೆ ಬೆಳೆದವನು ನಾನು. ನನ್ನ ಕೈಯಿಂದ ಹೋದ ಒಂದು ಬುಷ್ಷೂ ಸರಿಯಿಲ್ಲವೆಂದು ವಾಪಸು ಬಂದದ್ದಿಲ್ಲ. ಇದನ್ನೆಲ್ಲ ನಾವೇ ಹೇಳಿಕೊಳ್ಳಬಾರದು. ಆದರೆ ನಾನು ಹೇಳಿಕೊಳ್ಳುತ್ತಿದ್ದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಉಗುರಿನಲ್ಲಿ ಸವರಿ ಹೇಳಿಬಿಡುತ್ತಿದ್ದೆ. ಹೇಳಿದ ಮೇಲೂ ಮೈಕ್ರೋಮೀಟರ್ ಹಿಡಿದು ನೋಡದೆ ಮಾಲು ಹೊರಗೆ ಬಿಡುತ್ತಿರಲಿಲ್ಲ.

ಕಂಪನಿಗಳು ಇನ್ನು ಮುಂದೆ ಡ್ರಾಯಿಂಗುಗಳನ್ನು ಇ-ಮೇಲಿನಲ್ಲೇ ಕಳಿಸುತ್ತೇವೆ ಎಂದಾಗ ಒಂದು ಹಳೆಯ ಕಂಪ್ಯೂಟರ್ ತಂದೆ. ಕಬ್ಬಿಣದ ಪುಡಿ ಕೂರದಂತೆ ಹೆಂಡತಿಯ ಹಳೇ ಸೀರೆಯ ತುಂಡು ಹೊದಿಸಿದೆ. ಆಯುಧಪೂಜೆಯ ದಿನ ಲೇತಿನ ಜೊತೆ ಅದಕ್ಕೂ ಕುಂಕುಮ ಇಟ್ಟು, ಬೂದುಗುಂಬಳಕಾಯಿ ನಿವಾಳಿಸಿದೆ. ಹೊರಗಿನ ದೃಷ್ಟಿ ತಾಗದಿರಲಿ ಎಂದು. ಬರುವುದು ತಂತಿಯೊಳಗಿನಿಂದ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಒಂದು ಗುಟ್ಟು ಹೇಳಬೇಕು. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು, ಡ್ರಾಯಿಂಗ್ ಬರುತ್ತಿತ್ತು, ಗಿರಾಕಿಗಳ ಹೆಸರನ್ನು ಆಕಾರದಿಂದಲೇ ಗುರುತಿಸುತ್ತಿದ್ದೆ. ಕಳಿಸಿದವರ ಹೆಸರು ನೋಡುವುದು, ಪಕ್ಕದಲ್ಲಿ ಪಿನ್ನಿನ ಗುರುತಿದ್ದರೆ ಒತ್ತುವುದು, ಡ್ರಾಯಿಂಗ್ ತೆಗೆಯುವುದು, ಅಷ್ಟೇ ನನ್ನ ವಿದ್ಯೆ. ನಡುವಿನ ಸಾಲುಗಳನ್ನು, ಯಾರಾದರೂ ಎದುರಿಗಿದ್ದರೆ, ಕನ್ನಡಕ ಏರಿಸಿಕೊಂಡು ಓದಿದವನಂತೆ ತಲೆದೂಗುತ್ತಿದ್ದೆ.

ಒಂದು ಮಧ್ಯಾಹ್ನ ಪರಿಚಯದ ಗಿರಾಕಿಯ ಹೆಸರಿನಲ್ಲಿ ಇ-ಮೇಲ್ ಕಾಗದ ಬಂತು. ಪಿನ್ನಿತ್ತು, ಒತ್ತಿದೆ. ಪರದೆಯ ಮೇಲೆ ಏನೂ ಬರಲಿಲ್ಲ. ಪೆಟ್ಟಿಗೆಯೊಳಗೆ ಮಾತ್ರ ಕರಕರ ಸದ್ದು. ನಿಧಾನ ಮಾಡುತ್ತಿದೆ ಎಂದುಕೊಂಡು ಟೀ ಕುಡಿಯಲು ಹೋದೆ. ವಾಪಸು ಬರುವಷ್ಟರಲ್ಲಿ, ಪಕ್ಕದ ಶೆಡ್ಡಿನಲ್ಲಿ ಡೈ, ಅಂದರೆ ಲೋಹದ ಅಚ್ಚು, ಮಾಡುತ್ತಿದ್ದ ಗಂಗಣ್ಣ ನನ್ನ ಬಾಗಿಲಲ್ಲಿ ನಿಂತಿದ್ದ.

"ಏನಯ್ಯಾ ಕಳಿಸಿದ್ದು ನಮ್ಗೆ? ನಿನ್ ಹೆಸರಲ್ಲಿ ಬಂತು ಅಂತ ವಸಂತ ತೆಗೆದ್ಲು. ವರ್ಷಗಟ್ಲೆ ಇಟ್ಕೊಂಡಿದ್ದ ಡೈ ಚಿತ್ರ ಒಂದೂ ತೆರ್ಕೊಳ್ತಿಲ್ಲ!"

ವಸಂತ ಅವನ ಆಫೀಸಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು.

"ನಾನ್ಯಾಕ್ ಕಳಿಸ್ಲಿ?" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. "ನಿಮ್ಮ ಆಫೀಸಲ್ಲೇ ಏನೋ ಒತ್ತಿರ್ಬೇಕು, ಕೇಳ್ ನೋಡು."

ಸಂಜೆ ರಿಪೇರಿಯ ಇಮ್ರಾನ್ ಬಂದು ನೋಡಿ ತಲೆ ಅಲ್ಲಾಡಿಸಿದ. "ಇದು ಡ್ರಾಯಿಂಗೇ ಅಲ್ಲಣ್ಣ. ಫೈಲಿನ ಹೆಸರಿಗೊಂದು ಬಾಲ ಇರುತ್ತೆ, ಅದನ್ನ ಕಂಪ್ಯೂಟರ್ರು ತೋರ್ಸಲ್ಲ. ಮುಂದೆ ಚಿತ್ರದ ಹೆಸರು, ಒಳಗೆ ಕಂಪ್ಯೂಟರಿಗೆ ಬರೆದ ಹುಕುಂ. ನೀವು ಒತ್ತಿದ್ರಿ, ಅದು ನಿಮ್ಮ ವಿಳಾಸದ ಪಟ್ಟಿ ತೆಗ್ದು ಎಲ್ರಿಗೂ ನಿಮ್ಮ ಹೆಸರಲ್ಲೇ ಕಾಗದ ಹಾಕ್ತು. ಇದ್ದ ಚಿತ್ರಗಳ ಮೇಲೆಲ್ಲ ತನ್ನನ್ನೇ ಬರ್ಕೊಳ್ತು. ಅವರು ತೆಗೆದ್ರೆ ಅವರ ಪಟ್ಟಿಗೂ ಹೋಗುತ್ತೆ." ಆಮೇಲೆ ಪಾಪ, ಕೇಳಿಯೇಬಿಟ್ಟ: "ಇಂಗ್ಲಿಷ್ ಅಷ್ಟೊಂದು ತಪ್ಪುತಪ್ಪಾಗಿದೆಯಲ್ಲಣ್ಣ, ಅನುಮಾನ ಬರ್ಲಿಲ್ವಾ?"

ನನ್ನ ಪಾಲಿಗೆ ಲೋಕದ ಇಂಗ್ಲಿಷೆಲ್ಲ ಸರಿಯಾಗಿಯೇ ಇತ್ತು.

"ಯಾರಿಗೂ ಹೇಳ್ಬೇಡ" ಎಂದೆ. ಅವನು ಹೇಳಲಿಲ್ಲ.

ನಮ್ಮಿಬ್ಬರ ಶೆಡ್ಡಿನ ನಡುವೆ ಇದ್ದದ್ದು ತಗಡಿನ ಗೋಡೆ. ಲೇತ್ ನಿಲ್ಲಿಸಿದರೆ ಆ ಕಡೆಯ ಮಾತೆಲ್ಲ ಕೇಳುತ್ತಿತ್ತು. ನಾಲ್ಕು ದಿನ ಕೇಳಿದೆ. "ಓದ್ದೋಳು ಅಂತ ಕೂರ್ಸಿದ್ನಲ್ಲಮ್ಮ, ಇಷ್ಟು ಗೊತ್ತಾಗ್ಲಿಲ್ವಾ?" ಎಂದು ಗಂಗಣ್ಣ ಬಂದವರೆದುರೆಲ್ಲ ಅನ್ನುವುದು. ಮೊದಲೆರಡು ದಿನ ಆಕೆ ಉತ್ತರ ಕೊಟ್ಟಳು: "ಪಕ್ಕದ ಸಾರ್ ಹೆಸರಿತ್ತು ಸಾರ್. ಅವರು ಅಳತೆ ನೋಡ್ದೆ ಏನೂ ಕಳ್ಸಲ್ಲ ಅಂತ ನಂಬ್ಕೊಂಡು ತೆಗೆದೆ." ಆಮೇಲೆ ಉತ್ತರವೂ ನಿಂತಿತು. ನಾನು ಲೇತ್ ಹಾಕಿಬಿಡುತ್ತಿದ್ದೆ, ಕೆಲಸವಿಲ್ಲದಿದ್ದರೂ.

ಐದನೇ ದಿನ ವಸಂತ ಬರಲಿಲ್ಲ. ಆ ಕಡೆ ಹೋಗಿ ನೋಡಿದರೆ ಅವಳ ಕುರ್ಚಿಯ ಮೇಲೆ ಎಣ್ಣೆ ಒರೆಸುವ ಕಾಟನ್ ವೇಸ್ಟಿನ ಗಂಟು ಇಟ್ಟಿದ್ದರು. ಅದನ್ನು ನೋಡಿದವನೇ ಗಂಗಣ್ಣನಿಗೆ ಎಲ್ಲ ಹೇಳಿದೆ. ಒತ್ತಿದ್ದು ನಾನು, ಓದಲು ಬರದವನು ನಾನು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡವನೂ ನಾನು. ಅವನು ಬಯ್ಯಲಿಲ್ಲ. "ಗಾಡಿ ತೆಗಿ" ಎಂದ, ಅಷ್ಟೇ.

ವಿಜಯನಗರದ ಒಂದು ಮಹಡಿಮನೆಯಲ್ಲಿ ವಸಂತ ನಮ್ಮನ್ನು ಕೂರಿಸಿ ಕಾಫಿ ಕೊಟ್ಟಳು, ಪೂರ್ತಿ ಕೇಳಿಸಿಕೊಂಡಳು. "ನಾಳೆಯಿಂದ ಬಾಮ್ಮ" ಎಂದ ಗಂಗಣ್ಣ.

"ಕೆಲಸ ಬೇರೆ ಕಡೆ ಸಿಗುತ್ತೆ ಸಾರ್" ಎಂದು ನನ್ನ ಕಡೆ ತಿರುಗಿದಳು. "ನಿಮಗೆ ಇಂಗ್ಲಿಷ್ ಬರಲ್ಲ ಅನ್ನೋದು ತಪ್ಪಲ್ಲ. ಆದ್ರೆ ನಾಲ್ಕು ದಿನ ಎಲ್ರ ಎದುರು ತಲೆ ತಗ್ಗಿಸ್ಕೊಂಡು ಕೂತಿದ್ದೆ. ನನ್ನ ಕೈಯಿಂದ್ಲೇ ಆಗಿರ್ಬೇಕು ಅಂತ ನಾನೇ ನಂಬ್ಬಿಟ್ಟಿದ್ದೆ. ಆ ನಾಲ್ಕು ದಿನ ಏನ್ ಮಾಡ್ಲಿ ಸಾರ್?"

ಅವಳು ವಾಪಸು ಬರಲಿಲ್ಲ. ಮಾರನೆಯ ದಿನದಿಂದ ನಾನು ಯಾವ ಕಾಗದ ಬಂದರೂ ಪಕ್ಕದಲ್ಲಿದ್ದವರಿಗೆ ತೋರಿಸಿ, "ನನಗೆ ಓದಕ್ ಬರಲ್ಲ, ಸ್ವಲ್ಪ ಓದಿ" ಎನ್ನತೊಡಗಿದೆ. ಮೊದಲ ಸಲ ಆ ಮಾತನ್ನು ಕನ್ನಡಕ ತೆಗೆದಿಟ್ಟು ಹೇಳಿದೆ. ಈಗ ಅಭ್ಯಾಸವಾಗಿದೆ.

ಮೊನ್ನೆಗೆ ಬರುತ್ತೇನೆ. ಫೈಲು ಮುಟ್ಟದೆ ಗಂಗಣ್ಣನಿಗೆ ಫೋನ್ ಮಾಡಿದೆ.

"ನಾನ್ಯಾಕ್ ಕಳಿಸ್ಲಿ?" ಎಂದ. ಆ ಮಾತು, ಆ ದನಿ ಅಂದಿನ ನನ್ನದೇ. "ನಮ್ಮ ಮೊಮ್ಮಗಳಿದಾಳಲ್ಲ, ಯಾವಾಗ್ಲೂ ಫೋನ್ ಹಿಡ್ಕೊಂಡಿರ್ತಾಳೆ, ಅವಳೇ ಏನೋ ಒತ್ತಿರ್ಬೇಕು. ಬೆಳಿಗ್ಗೆಯಿಂದ ಬಯ್ತಾ ಇದೀನಿ."

"ಗಂಗಣ್ಣ, ವಸಂತನ ಮನೆ ಕಾಫಿ ನೆನಪಿದ್ಯಾ?" ಎಂದೆ.

ಆ ಕಡೆ ಕುಕ್ಕರು ಒಂದು ಸಲ ಕೂಗಿತು.

"ನಾನೇ ಕಣಯ್ಯಾ ಒತ್ತಿದ್ದು. ನಿನ್ನೆ ಯಾರೋ ಕಳ್ಸಿದ್ರು, ಮದುವೆ ಅಂದ್ಕೊಂಡೆ."

"ಯಾರ್ಯಾರಿಗೆ ಹೋಗಿದ್ಯೋ ಇಬ್ರೂ ಕೂತು ಎಲ್ರಿಗೂ ಹೇಳೋಣ, ಬರ್ತಾ ಇದೀನಿ. ಅದಕ್ಕೂ ಮುಂಚೆ ಒಂದ್ ಕೆಲಸ ಇದೆ ನಿಂಗೆ."

ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಫೋನನ್ನು ಕೆಳಗಿಡುವುದನ್ನೂ ಮರೆತು, ಮನೆಯವರಿಗೆಲ್ಲ ಕೇಳುವಂತೆ ಅವನು ಕೂಗಿದ್ದು ನನಗೂ ಕೇಳಿಸಿತು: "ಪುಟ್ಟೀ, ಬಾರಮ್ಮ ಇಲ್ಲಿ. ತಪ್ಪು ನಂದು."